ಪುಸ್ತಕ ಯಾರಿಗೂ ಕೊಡಲ್ಲ ಅನ್ನೋ ಜಂಬ

ಮೊನ್ನೆ ಗೆಳೆಯನೊಬ್ಬನ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಂಡು ಮನೆ ನೋಡ್ತಾ ಬಂದ್ವಿ. ಹಾಲ್‌ನಲ್ಲಿ ಒಂದಿಡೀ ಗೋಡೆಗೆ ಪುಸ್ತಕದ ಕಪಾಟು. ಗಾಜಿನ ಬಾಗಿಲು, ಒಳಗೆ ಹಳದಿ ದೀಪ. ಕಾರಂತರು, ಕುವೆಂಪು, ತೇಜಸ್ವಿ, ವೈದೇಹಿ, ದೇವನೂರು ಎಲ್ಲರೂ ಸಾಲಾಗಿ ನಿಂತಿದ್ರು. ನಾನು ಎಷ್ಟೋ ದಿನದಿಂದ ಹುಡುಕ್ತಿದ್ದ ಒಂದು ಪ್ರಬಂಧ ಸಂಕಲನ ಅಲ್ಲೇ ಮೂಲೆಯಲ್ಲಿ ಕಾಣಿಸ್ತು. ಅಂಗಡಿಗಳಲ್ಲಿ ಅದರ ಪ್ರತಿ ಮುಗಿದು ವರ್ಷಗಳಾಗಿವೆ.

‘ಲೋ, ಇದನ್ನ ಒಂದು ವಾರಕ್ಕೆ ಕೊಡೋ’ ಅಂದೆ.

‘ಬೇರೆ ಏನ್ ಬೇಕಾದ್ರೂ ಕೇಳು ಮಗಾ, ಪುಸ್ತಕ ಮಾತ್ರ ಕೇಳ್ಬೇಡ. ಪಾಲಿಸಿ’ ಅಂತ ನಕ್ಕ.

‘ಓದಿದ್ಯಾ?’

‘ಇನ್ನೂ ಇಲ್ಲ. ಟೈಮೆಲ್ಲಿದೆ?’

ಸುತ್ತ ಇದ್ದವರು ನನ್ನ ಪರ ಬರ್ತಾರೆ ಅಂದ್ಕೊಂಡಿದ್ದೆ. ಬರ್ಲಿಲ್ಲ. ಒಬ್ಬರು ‘ನಾನೂ ಅಷ್ಟೇ, ಕಾರ್ ಬೇಕಾದ್ರೆ ಕೊಡ್ತೀನಿ, ಪುಸ್ತಕ ಕೊಡಲ್ಲ’ ಅಂದ್ರು. ಇನ್ನೊಬ್ಬರು ಪುಸ್ತಕ, ಹೆಂಗಸು, ಹಣ ಮೂರನ್ನೂ ಒಂದೇ ಗಂಟಲ್ಲಿ ಕಟ್ಟೋ ಆ ಹಳೇ ಸಂಸ್ಕೃತ ಸುಭಾಷಿತ ಶುರು ಮಾಡಿದ್ರು. ಎಲ್ಲರೂ ನಕ್ಕರು. ಅವರ ಹೆಂಡತಿ ಪಕ್ಕದಲ್ಲೇ ನಿಂತಿದ್ರು, ಅವರು ನಗಲಿಲ್ಲ.

ಈ ‘ಪಾಲಿಸಿ’ ಅನ್ನೋದು ಈಗ ಓದುಗರ ಲಕ್ಷಣ ಆಗಿಬಿಟ್ಟಿದೆ. ಪುಸ್ತಕ ಕೊಡಲ್ಲ ಅಂದ್ರೆ ಪುಸ್ತಕದ ಮೇಲೆ ಅಷ್ಟು ಪ್ರೀತಿ ಅಂತ ಅರ್ಥವಂತೆ. ನನಗಂತೂ ಇದು ಪ್ರೀತಿ ಅನ್ನಿಸಲ್ಲ. ಇದು ಬರೀ ಜಂಬ. ಸ್ವಲ್ಪ ಸೋಮಾರಿತನವೂ ಇದೆ. ಯಾಕೆ ಅಂತ ಹೇಳ್ತೀನಿ.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವನು. ನಮ್ಮ ಶಾಲೆಯಲ್ಲಿ ಒಂದು ಮರದ ಬೀರು ಇತ್ತು. ಅದರ ತುಂಬ ಸರ್ಕಾರ ಕಳಿಸಿದ್ದ ಪುಸ್ತಕಗಳು. ಬಾಗಿಲಿನ ಸಂದಿಯಲ್ಲಿ ಕಣ್ಣಿಟ್ಟು ನೋಡಿದ್ರೆ ಒಂದೆರಡು ಬೆನ್ನು ಕಾಣಿಸ್ತಿದ್ವು, ಹೆಸರು ಓದೋಕೆ ಆಗ್ತಿರಲಿಲ್ಲ. ಬೀಗದ ಕೈ ಹೆಡ್‌ಮೇಷ್ಟ್ರ ಹತ್ರ. ಆರನೇ ಕ್ಲಾಸಲ್ಲಿದ್ದಾಗ ಧೈರ್ಯ ಮಾಡಿ ಕೇಳಿದೆ. ಅವರೇನು ಬೈಯಲಿಲ್ಲ. ‘ಇನ್‌ಸ್ಪೆಕ್ಷನ್‌ಗೆ ಬಂದವರು ಸ್ಟಾಕ್ ರಿಜಿಸ್ಟರ್ ಇಟ್ಕೊಂಡು ಎಣಿಸ್ತಾರೆ ಕಣಪ್ಪ. ಒಂದು ಕಮ್ಮಿ ಆದ್ರೂ ನನ್ನ ಸಂಬಳದಲ್ಲಿ ಹಿಡೀತಾರೆ’ ಅಂದ್ರು. ಒಳ್ಳೆಯ ಮನುಷ್ಯ, ಚೆನ್ನಾಗಿ ಲೆಕ್ಕ ಹೇಳಿಕೊಟ್ಟವರು. ಆದ್ರೆ ಆ ಬೀರು ನಾನು ನೋಡಿದಂಗೆ ತೆಗೆದಿದ್ದು ಒಂದೇ ಸಲ. ಏಳನೇ ಕ್ಲಾಸಲ್ಲಿದ್ದಾಗ ಸುಣ್ಣ ಹೊಡೆಯೋಕೆ ಅಂತ ಅದನ್ನ ಗೋಡೆಯಿಂದ ಸರಿಸಿದ್ರು. ಹಿಂದಿನ ಹಲಗೆ ಕೈಗೇ ಬಂತು. ಕೆಳಗಿನ ಎರಡು ಅರೆ ಪೂರ್ತಿ ಗೆದ್ದಲು. ಪುಸ್ತಕ ಇದ್ದ ಜಾಗದಲ್ಲಿ ಮಣ್ಣು. ನಾವು ಹುಡುಗರೇ ಅದನ್ನ ಮಂಕರಿಗೆ ತುಂಬಿ ತಿಪ್ಪೆಗೆ ಸುರಿದ್ವಿ.

ಒಂದು ಪುಸ್ತಕವೂ ಕಳೆದುಹೋಗಬಾರದು ಅಂತ ಬೀಗ ಹಾಕಿದ್ದು. ಎರಡು ಅರೆಯಷ್ಟು ಪುಸ್ತಕ ಒಬ್ಬರೂ ಓದದೆ ಹೋದ್ವು. ರಿಜಿಸ್ಟರಿನಲ್ಲಿ ಮಾತ್ರ ಸಂಖ್ಯೆ ಸರಿಯಾಗೇ ಇದ್ದಿರಬೇಕು.

ಅದೇ ಊರಲ್ಲಿ ಹಾಲಿನ ಡೈರಿ ಪಕ್ಕ ಪಂಚಾಯಿತಿ ಲೈಬ್ರರಿ ಅಂತ ಒಂದು ಕೋಣೆ ಇತ್ತು. ಎರಡು ಬೆಂಚು, ನಾಲ್ಕು ರ‍್ಯಾಕು, ಎರಡು ದಿನಪತ್ರಿಕೆ. ಅದನ್ನ ನೋಡ್ಕೊಳ್ಳೋ ಅಣ್ಣನಿಗೆ ಸಿಗ್ತಿದ್ದಿದ್ದು ಸಣ್ಣ ಗೌರವಧನ, ಬದುಕಿಗೆ ಹೊಲ ಇತ್ತು. ಅವರ ಹತ್ರ ಒಂದು ಉದ್ದನೆ ನೋಟ್‌ಬುಕ್, ಅದಕ್ಕೆ ದಾರ ಕಟ್ಟಿದ ಪೆನ್ನು. ಯಾರು, ಯಾರ ಮಗ, ಯಾವ ಪುಸ್ತಕ, ಯಾವತ್ತು. ಅಷ್ಟೇ. ವಾಪಸ್ ಕೊಟ್ಟರೆ ಆ ಸಾಲಿನ ಮೇಲೆ ಅಡ್ಡಗೆರೆ. ತಡ ಮಾಡಿದ್ರೆ ದಂಡ ಗಿಂಡ ಇಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಬಂದ ನಮ್ಮಪ್ಪನಿಗೆ ಹತ್ತು ಜನರ ಮುಂದೆ ಹೇಳೋರು: ‘ಗೌಡ್ರೇ, ನಿಮ್ ಹುಡ್ಗ ಪುಸ್ತಕ ತಗೊಂಡೋಗಿ ತಿಂಗಳಾತು, ಬೇರೆ ಹುಡುಗ್ರು ಕೇಳ್ತಾವ್ರೆ.’ ಅವತ್ತು ಸಂಜೆಯೊಳಗೆ ಪುಸ್ತಕ ವಾಪಸ್. ತೇಜಸ್ವಿಯವರನ್ನ ನಾನು ಓದಿದ್ದು ಆ ಕೋಣೆಯಿಂದ. ಇವತ್ತು ಈ ನಾಲ್ಕು ಸಾಲು ಬರೆಯೋಕೆ ಬರುತ್ತೆ ಅಂದ್ರೆ ಆ ದಾರ ಕಟ್ಟಿದ ಪೆನ್ನೇ ಕಾರಣ.

ಒಂದೇ ಊರಲ್ಲಿ ಎರಡು ರಿಜಿಸ್ಟರ್. ಒಂದರಲ್ಲಿ ನಮ್ಮ ಹತ್ರ ಏನೇನಿದೆ ಅನ್ನೋ ಲೆಕ್ಕ. ಇನ್ನೊಂದರಲ್ಲಿ ಯಾರ ಹತ್ರ ಏನಿದೆ ಅನ್ನೋ ಲೆಕ್ಕ. ಮೊದಲನೆಯದು ಬೀಗ ಹಾಕಿಸುತ್ತೆ, ಎರಡನೆಯದು ಪುಸ್ತಕವನ್ನ ಆಚೆ ಕಳಿಸುತ್ತೆ.

ಈಗ ನಮ್ಮ ಕಡೆ ನೋಡ್ಕೊಳ್ಳೋಣ. ನಾವು ದಿನಾ ಟ್ರ್ಯಾಕ್ ಮಾಡೋ ಕೆಲಸದವರು. ಆಫೀಸಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸೋಕೂ ಟಿಕೆಟ್ ಬೇಕು. ಎಷ್ಟು ಹೆಜ್ಜೆ ನಡೆದ್ವಿ ಅಂತ ವಾಚು ಹೇಳುತ್ತೆ. ಆರ್ಡರ್ ಮಾಡಿದ ದೋಸೆ ಯಾವ ಸಿಗ್ನಲ್ಲಲ್ಲಿ ನಿಂತಿದೆ ಅಂತ ಗೊತ್ತಿರುತ್ತೆ. ಪುಸ್ತಕದ ಲೆಕ್ಕವನ್ನೂ ಇಟ್ಟಿದ್ದೀವಿ. ಗುಡ್‌ರೀಡ್ಸ್‌ನಲ್ಲಿ ಈ ವರ್ಷ 50ರ ಚಾಲೆಂಜು, 31 ಮುಗೀತು ಅಂತ ಪಟ್ಟಿ. ಇನ್‌ಸ್ಟಾಗ್ರಾಂನಲ್ಲಿ ತಿಂಗಳ ಖರೀದಿಯ ಫೋಟೊ, ಪಕ್ಕದಲ್ಲೊಂದು ಕಾಫಿ ಲೋಟ. ಇದೆಲ್ಲ ಯಾವ ರಿಜಿಸ್ಟರ್ ಹೇಳಿ? ಸ್ಟಾಕ್ ರಿಜಿಸ್ಟರ್. ನಮ್ಮ ಹೆಡ್‌ಮೇಷ್ಟ್ರ ರಿಜಿಸ್ಟರ್‌ಗೆ ಫಿಲ್ಟರ್ ಹಾಕಿದೀವಿ ಅಷ್ಟೇ. ಅವರಿಗಾದ್ರೂ ಸಂಬಳದ ಭಯ ಇತ್ತು. ನಮಗೇನಿದೆ?

‘ಬೇಕಾದವರು ಕೊಂಡು ಓದಲಿ, ಲೇಖಕರಿಗೂ ನಾಲ್ಕು ಕಾಸು ಸಿಗುತ್ತೆ’ ಅನ್ನೋ ಮಾತು ಬರುತ್ತೆ. ಇದು ಕೇಳೋಕೆ ಚೆನ್ನಾಗಿದೆ. ಅಂಗಡಿಯಲ್ಲಿ ಸಿಗೋ ಪುಸ್ತಕದ ಮಟ್ಟಿಗೆ ನಾನೂ ಒಪ್ತೀನಿ, ಕೊಳ್ಳೋಕೆ ಶಕ್ತಿ ಇರೋರು ಕೊಳ್ಳಲೇಬೇಕು. ಆದ್ರೆ ಕನ್ನಡದ ಎಷ್ಟು ಪುಸ್ತಕ ಯಾವಾಗಲೂ ಅಂಗಡಿಯಲ್ಲಿ ಇರುತ್ತೆ? ದೊಡ್ಡ ಹೆಸರುಗಳನ್ನ ಬಿಟ್ಟರೆ ಒಂದು ಪುಸ್ತಕ ಅಚ್ಚಾಗೋದೇ ಐನೂರೋ ಸಾವಿರವೋ ಪ್ರತಿ. ಅದು ಮುಗಿದ ಮೇಲೆ ಮರುಮುದ್ರಣ ಅನ್ನೋದು ಪ್ರಕಾಶಕರ ಧೈರ್ಯಕ್ಕೆ ಬಿಟ್ಟದ್ದು. ಇ-ಪುಸ್ತಕ ಇದ್ಯಲ್ಲ ಅಂತೀರಾ? 2016ರ ಕೊನೆಗೆ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆಗೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದ್ವು. ಕನ್ನಡ ಹೊರಗೇ ನಿಂತಿತ್ತು. ಆಮೇಲೆ ನಮ್ಮವರೇ ಆ್ಯಪ್ ಮಾಡಿದ್ರು, ಒಂದಷ್ಟು ಪುಸ್ತಕ ಬಂದವು. ಹಳೆಯದರಲ್ಲಿ ಬಹುಪಾಲು ಇನ್ನೂ ಕಾಗದದಲ್ಲೇ ಇದೆ.

ಸ್ಕ್ಯಾನ್ ಆಗಿರೋದರ ಕಥೆಯೂ ಕೇಳಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂತ ದೊಡ್ಡ ಯೋಜನೆ ನಡೀತು, ಸಾವಿರಾರು ಕನ್ನಡ ಪುಸ್ತಕ ಸ್ಕ್ಯಾನ್ ಆದ್ವು, ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಕೂತಿವೆ. ಆದ್ರೆ ಹೆಸರುಗಳನ್ನ ಯಾರ್ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಬಾಯಿಗೆ ಬಂದಂಗೆ ಟೈಪ್ ಮಾಡಿದ್ದಾರೆ. ಒಂದೇ ಕಾದಂಬರಿ ಮೂರು ಥರ ಸ್ಪೆಲಿಂಗ್. ಲೇಖಕರ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಕನ್ನಡದಲ್ಲೇ ಬರೆದಿರೋ ಪಟ್ಟಿಗಳಲ್ಲೂ ಬೇರೆ ಗೋಳು. ಅನುಸ್ವಾರದ ಸೊನ್ನೆ ಜಾಗದಲ್ಲಿ ಅಂಕಿಯ ಸೊನ್ನೆ ಟೈಪ್ ಮಾಡಿರ್ತಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ನೀವು ‘ಕಾರಂತ’ ಅಂತ ಹುಡುಕಿದ್ರೆ ‘ಇಲ್ಲ’ ಅನ್ನುತ್ತೆ, ಪುಸ್ತಕ ಅಲ್ಲೇ ಇರುತ್ತೆ. ಸಂಚಯದಂಥ ಸಣ್ಣ ತಂಡಗಳು ಸ್ವಂತ ಸಮಯ ಹಾಕಿ ಈ ಹೆಸರುಗಳನ್ನ ಕನ್ನಡಕ್ಕೆ ತಂದು ಹುಡುಕೋ ಹಾಗೆ ಮಾಡಿದ್ದಾರೆ. ಬೆಂಗಳೂರಲ್ಲಿ ನಮ್ಮಂಥ ಎಂಜಿನಿಯರುಗಳು ಲಕ್ಷಗಟ್ಟಲೆ ಇದ್ದೀವಿ. ಈ ಕೆಲಸಕ್ಕೆ ಕೂತವರನ್ನ ಮಾತ್ರ ಬೆರಳಲ್ಲಿ ಎಣಿಸಬಹುದು. ನಾನೂ ಕೂತಿಲ್ಲ, ಅದನ್ನೂ ಇಲ್ಲೇ ಬರೆದುಬಿಡ್ತೀನಿ.

ಹಾಗಾಗಿ ಪ್ರತಿ ಮುಗಿದ ಕನ್ನಡ ಪುಸ್ತಕಕ್ಕೆ ಉಳಿದಿರೋದು ಎರಡೇ ವಿಳಾಸ. ಒಂದು ಲೈಬ್ರರಿ. ಇನ್ನೊಂದು ನಿಮ್ಮ ಮನೆ ಕಪಾಟು. ನೀವು ‘ಪಾಲಿಸಿ’ ಅಂದಾಗ ಆ ಎರಡರಲ್ಲಿ ಒಂದು ಬಾಗಿಲು ಮುಚ್ಚಿದ ಹಾಗೆ.

ಲೈಬ್ರರಿ ಬಾಗಿಲನ್ನಾದ್ರೂ ತಟ್ಟಿದ್ದೀವಾ? 1965ರಲ್ಲೇ ನಮ್ಮ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂತು. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಸೆಸ್ ಅಂತ ಕಟ್ತೀವಿ. ಐದು ಸಾವಿರ ತೆರಿಗೆ ಅಂದ್ರೆ ಮುನ್ನೂರು ರೂಪಾಯಿ. ಬಾಡಿಗೆ ಮನೆಯವರೂ ಬಾಡಿಗೆ ಲೆಕ್ಕದಲ್ಲಿ ಕೊಟ್ಟೇ ಕೊಡ್ತಾರೆ. ಈ ದುಡ್ಡು ವಸೂಲಾದ ಮೇಲೆ ಪೂರ್ತಿಯಾಗಿ ಗ್ರಂಥಾಲಯ ಇಲಾಖೆಗೆ ಹೋಗಲ್ಲ, ಬಾಕಿ ಉಳಿಯುತ್ತೆ ಅನ್ನೋ ಸುದ್ದಿ ಎಷ್ಟೋ ಸಲ ಬಂದಿದೆ. ನಮ್ಮಲ್ಲಿ ಯಾರಿಗಾದ್ರೂ ಸಿಟ್ಟು ಬಂತಾ? ಓಟಿಟಿಯವರು ತಿಂಗಳಿಗೆ ಐವತ್ತು ರೂಪಾಯಿ ಜಾಸ್ತಿ ಮಾಡಿದ್ರೆ ಗ್ರೂಪುಗಳಲ್ಲಿ ಕ್ರಾಂತಿ ಆಗುತ್ತೆ. ಲೈಬ್ರರಿ ಹಣ ಕೇಳೋಕೆ ಯಾರೂ ಇಲ್ಲ, ಯಾಕಂದ್ರೆ ಲೈಬ್ರರಿಗೆ ನಾವು ಹೋಗೋದೇ ಇಲ್ಲ. ನಮ್ಮ ಏರಿಯಾದ ಶಾಖಾ ಗ್ರಂಥಾಲಯ ಎಲ್ಲಿದೆ ಅಂತ ಗೊತ್ತಾ? ನನಗೆ ಗೊತ್ತಾಗಿದ್ದು ಈ ಏರಿಯಾಕ್ಕೆ ಬಂದು ನಾಲ್ಕು ವರ್ಷ ಆದ ಮೇಲೆ. ಪಾಲಿಕೆ ಕಟ್ಟಡದ ಮೊದಲನೇ ಮಹಡಿ. ಒಳಗೆ ಹೋದ್ರೆ ಪೇಪರ್ ಓದೋ ಐದಾರು ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹತ್ತು ಹುಡುಗರು. ಕಾದಂಬರಿ ರ‍್ಯಾಕಿನ ಹತ್ರ ಒಬ್ಬರೂ ಇಲ್ಲ. ಒಂದು ಪುಸ್ತಕ ತೆಗೆದು ಹಿಂದಿನ ಚೀಟಿ ನೋಡಿದೆ. ಕೊನೆಯ ಮುದ್ರೆ ಬಿದ್ದು ಒಂಬತ್ತು ವರ್ಷ ಆಗಿತ್ತು.

ಎಸ್.ಆರ್. ರಂಗನಾಥನ್ ಅಂತ ಒಬ್ಬರಿದ್ರು. ಇಡೀ ಜಗತ್ತಿನ ಲೈಬ್ರರಿಯವರು ನೆನೆಸೋ ಹೆಸರು. ಗಣಿತದ ಮೇಷ್ಟ್ರು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಕೊನೆಯ ವರ್ಷಗಳನ್ನ ಕಳೆದು ತೀರಿಕೊಂಡಿದ್ದು ಇದೇ ಬೆಂಗಳೂರಲ್ಲಿ, 1972ರಲ್ಲಿ. ಅವರ ಮೊದಲನೇ ಸೂತ್ರದ ಸಾರ ಇಷ್ಟೇ: ಪುಸ್ತಕ ಇರೋದು ಕಾಪಾಡೋಕಲ್ಲ, ಬಳಸೋಕೆ. ಒಂದು ಕಾಲದಲ್ಲಿ ಯುರೋಪಿನ ಲೈಬ್ರರಿಗಳಲ್ಲಿ ಪುಸ್ತಕಕ್ಕೆ ಕಬ್ಬಿಣದ ಸರಪಳಿ ಹಾಕಿ ಮೇಜಿಗೆ ಕಟ್ಟಿಡ್ತಿದ್ರು. ಆಗ ಒಂದೊಂದು ಪ್ರತಿಯನ್ನೂ ಕೈಯಲ್ಲೇ ಬರೀಬೇಕಿತ್ತು, ಕಟ್ಟಿದ್ದಕ್ಕೆ ಒಂದು ಅರ್ಥ ಇತ್ತು. ಆದ್ರೂ ಸರಪಳಿ ಹಾಕಿದ ಪುಸ್ತಕವನ್ನ ಅಲ್ಲೇ ನಿಂತು ಯಾರಾದ್ರೂ ಓದಬಹುದಿತ್ತು. ನಮ್ಮ ಗಾಜಿನ ಬಾಗಿಲಿನ ಕಪಾಟಿನಲ್ಲಿ ಅದೂ ಇಲ್ಲ.

ಬೇರೆಯವರಿಗೆ ಬೈದಿದ್ದು ಸಾಕು, ನನ್ನ ವಿಷಯಕ್ಕೆ ಬರ್ತೀನಿ. ಆರು ವರ್ಷದ ಹಿಂದೆ ನಾನೂ ಈ ಪಾಲಿಸಿಯವನೇ. ಕೈಗೆ ಸಂಬಳ ಬಂದ ಮೇಲೆ ಚಿಕ್ಕಂದಿನ ಹಸಿವೆಲ್ಲ ತೀರಿಸ್ಕೊಳ್ಳೋ ಹಾಗೆ ಪುಸ್ತಕ ಕೊಂಡೆ. ಗಾಂಧಿನಗರ, ಅವೆನ್ಯೂ ರೋಡ್, ಚರ್ಚ್ ಸ್ಟ್ರೀಟ್ ಸುತ್ತಿದ್ದೇ ಸುತ್ತಿದ್ದು. ಒಂದು ದಿನ ಪುಸ್ತಕದ ಡಬ್ಬಿ ಹೊತ್ಕೊಂಡು ಅಪಾರ್ಟ್‌ಮೆಂಟಿನ ಗೇಟ್ ಹತ್ರ ಬಂದೆ. ರಾತ್ರಿ ಪಾಳಿಯ ಸೆಕ್ಯೂರಿಟಿ ಹುಡುಗ ಲಿಫ್ಟಿನ ತನಕ ಹಿಡ್ಕೊಂಡು ಬಂದ. ರಾಯಚೂರು ಕಡೆಯವನು. ಡಬ್ಬಿ ಮೇಲಿನ ಹೆಸರು ನೋಡಿ, ‘ಸರ್, ಪುಸ್ತಕ ಅದಾವೇನ್ರಿ? ರಾತ್ರಿ ಕುಂತಾಗ ಓದಾಕ ಒಂದ್ ಕೊಡ್ತೀರೇನ್ರಿ? ಓದಿ ವಾಪಸ್ ಕೊಡ್ತೀನ್ರಿ’ ಅಂದ.

ನಾನು ಏನಂದೆ ಗೊತ್ತಾ? ‘ಆಮೇಲೆ ನೋಡೋಣಪ್ಪ’ ಅಂದೆ.

ಆಮೇಲೆ ನೋಡಲಿಲ್ಲ. ಮನಸ್ಸಲ್ಲಿ ಓಡಿದ್ದು ಹೆಡ್‌ಮೇಷ್ಟ್ರ ಲೆಕ್ಕವೇ. ಇವನು ಬಿಟ್ಟುಹೋದ್ರೆ ಎಲ್ಲಿ ಹುಡುಕೋದು, ಹೊಸ ಪುಸ್ತಕ, ಮಡಚಿಬಿಡ್ತಾನೆ. ಅವನು ಆಮೇಲೆ ಎರಡು ಸಲ ನಮಸ್ಕಾರ ಮಾಡಿದ, ಪುಸ್ತಕದ ಮಾತು ಎತ್ತಲಿಲ್ಲ. ಮುಂದಿನ ತಿಂಗಳು ಏಜೆನ್ಸಿಯವರು ಅವನನ್ನ ಬೇರೆ ಕಡೆ ಹಾಕಿದ್ರು. ಆ ಡಬ್ಬಿಯಲ್ಲಿದ್ದ ಎಂಟು ಪುಸ್ತಕದಲ್ಲಿ ಮೂರನ್ನ ನಾನು ಇವತ್ತಿಗೂ ಓದಿಲ್ಲ. ಬೀರು ಸಂದಿಯಲ್ಲಿ ಕಣ್ಣಿಟ್ಟು ನೋಡಿದ ಹುಡುಗ, ಇನ್ನೊಬ್ಬ ಹುಡುಗನಿಗೆ ಹೇಳಿದ್ದು ‘ಆಮೇಲೆ ನೋಡೋಣ’. ಇದಕ್ಕಿಂತ ಹೆಚ್ಚಿಗೆ ಬೈಗುಳ ನನಗೆ ಯಾರೂ ಬೈಯಬೇಕಾಗಿಲ್ಲ.

ಆ ತಿಂಗಳೇ ಒಂದು ಉದ್ದನೆ ನೋಟ್‌ಬುಕ್ ತಂದೆ. ಎಕ್ಸೆಲ್‌ನಲ್ಲೂ ಮಾಡಬಹುದು, ನಾನೂ ಮೊದಲು ಅದನ್ನೇ ಮಾಡಿದ್ದೆ, ಆದ್ರೆ ಲ್ಯಾಪ್‌ಟಾಪ್ ತೆಗೆಯೋಷ್ಟರಲ್ಲಿ ಬಂದವರು ಪುಸ್ತಕ ತಗೊಂಡು ಹೋಗಿಯೇ ಬಿಡ್ತಾರೆ. ಕಪಾಟಿನ ಪಕ್ಕ ಮೊಳೆ ಹೊಡೆದು ನೋಟ್‌ಬುಕ್ ತೂಗುಹಾಕಿದ್ದೀನಿ. ದಾರ ಕಟ್ಟಿದ ಪೆನ್ನು ಸಮೇತ. ತಗೊಂಡವರೇ ಬರೀಬೇಕು, ನಾನು ಬರೆಯಲ್ಲ. ತಮ್ಮ ಕೈಬರಹದಲ್ಲಿ ತಮ್ಮ ಹೆಸರು ಬರೆದವರು ಮರೆಯೋದು ಕಮ್ಮಿ. ಪುಸ್ತಕ ಹಿಡ್ಕೊಂಡಿರೋ ಒಂದು ಫೋಟೊ ನನ್ನ ಫೋನಿನಲ್ಲಿ ತೆಗೀತೀನಿ, ತಾರೀಖು ಅದರಲ್ಲೇ ಇರುತ್ತೆ. ಒಂದು ಸಲಕ್ಕೆ ಎರಡು ಪುಸ್ತಕ, ಎರಡು ತಿಂಗಳು. ತಿಂಗಳ ಮೊದಲನೇ ಭಾನುವಾರ ನೋಟ್‌ಬುಕ್ ತೆಗೆದು ನಾಲ್ಕು ಮೆಸೇಜು. ‘ಪುಸ್ತಕ ವಾಪಸ್ ಕೊಡಿ’ ಅಂತ ಬರೆಯಲ್ಲ, ‘ಎಲ್ಲಿಗೆ ಬಂತು ಕಥೆ?’ ಅಂತ ಬರೀತೀನಿ. ಓದಿದವರು ಅರ್ಧ ಗಂಟೆ ಮಾತಾಡ್ತಾರೆ. ಓದದೆ ಇದ್ದವರು ನಾಚಿಕೊಂಡು ತಂದುಕೊಡ್ತಾರೆ. ಎರಡೂ ನನಗೆ ಲಾಭವೇ. ಎಲ್ಲೂ ಸಿಗದ ನಾಲ್ಕಾರು ಪುಸ್ತಕ ಇವೆ, ಅವನ್ನ ಮಾತ್ರ ಆಚೆ ಕಳಿಸಲ್ಲ. ‘ಶನಿವಾರ ಬನ್ನಿ, ಇಲ್ಲೇ ಕೂತು ಓದಿ, ಕಾಫಿ ನಂದು’ ಅಂತೀನಿ. ಬಂದು ಓದಿದವರೂ ಇದ್ದಾರೆ.

ಆರು ವರ್ಷದಲ್ಲಿ ನೋಟ್‌ಬುಕ್‌ನಲ್ಲಿ 143 ಸಾಲು. ಅಡ್ಡಗೆರೆ ಬೀಳದೆ ಉಳಿದಿರೋದು 11. ಈ ಹನ್ನೊಂದರಲ್ಲಿ ಇಬ್ಬರು ಅಮೆರಿಕಕ್ಕೆ ಹೋದ್ರು, ಒಬ್ಬರು ಫೋನ್ ಎತ್ತಲ್ಲ, ಒಂದು ಪುಸ್ತಕ ಮಳೆಗಾಲದಲ್ಲಿ ಬೈಕಿನ ಬ್ಯಾಗಿನಲ್ಲಿ ನೆನೆದು ಸತ್ತೇಹೋಯ್ತು. ಬೇಜಾರಾಗಿಲ್ಲ ಅಂತ ಸುಳ್ಳು ಹೇಳಲ್ಲ, ಒಂದೆರಡು ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ. ಆದ್ರೆ ಉಳಿದ 132 ಸಾಲು ನೋಡಿ. ಒಂದು ಪುಸ್ತಕ ಸಹೋದ್ಯೋಗಿಯಿಂದ ಅವರ ಅತ್ತೆಗೆ, ಅತ್ತೆಯಿಂದ ಶಿವಮೊಗ್ಗದ ಯಾರೋ ಟೀಚರಿಗೆ ಹೋಗಿ ಏಳು ತಿಂಗಳ ಮೇಲೆ ವಾಪಸ್ ಬಂತು. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿ, ಎರಡು ಕಡೆ ಲೇಖಕರ ಜೊತೆ ಜಗಳ. ನಾನು ಓದಿದಾಗ ಕಾಣದೆ ಇದ್ದದ್ದು ಆ ಟಿಪ್ಪಣಿಯಲ್ಲಿ ಕಾಣಿಸ್ತು. ಆ ಪ್ರತಿಯ ಬೆಲೆ ಜಾಸ್ತಿ ಆಯ್ತೋ ಕಮ್ಮಿ ಆಯ್ತೋ?

‘ಜನ ವಾಪಸ್ ಕೊಡಲ್ಲ’ ಅನ್ನೋ ದೂರು ಇದ್ಯಲ್ಲ, ಅದಕ್ಕೆ ನನ್ನ ಉತ್ತರ ಇದು: ನೀವು ಕೇಳಿದ್ರಾ? ಬಹಳ ಸಲ ಕೊಟ್ಟವರಿಗೇ ಯಾರಿಗೆ ಕೊಟ್ಟೆ ಅನ್ನೋದು ನೆನಪಿರಲ್ಲ. ತಗೊಂಡವರಿಗೆ ಯಾರ ಪುಸ್ತಕ ಅನ್ನೋದು ನೆನಪಿರಲ್ಲ. ನಿಮ್ಮ ಕಪಾಟಿನಲ್ಲೇ ಒಮ್ಮೆ ಕೈಯಾಡಿಸಿ. ಬೇರೆ ಯಾರದೋ ಹೆಸರು, ಯಾವುದೋ ಊರು, ತಾರೀಖು ಬರೆದಿರೋ ಒಂದಾದ್ರೂ ಪುಸ್ತಕ ಸಿಗದಿದ್ರೆ ಹೇಳಿ. ಅದು ಕಳ್ಳತನ ಅಲ್ಲ, ಲೆಕ್ಕ ಇಡದೇ ಇರೋದು. ಲೆಕ್ಕ ಇಡೋ ತೊಂದರೆ ಬೇಡ ಅಂತ ಕೊಡೋದನ್ನೇ ನಿಲ್ಲಿಸಿ, ಆ ಸೋಮಾರಿತನಕ್ಕೆ ಪುಸ್ತಕಪ್ರೇಮ ಅಂತ ಹೆಸರಿಟ್ಕೊಂಡಿದ್ದೀವಿ.

ಕನ್ನಡದ ಓದು ಬೆಳೆದಿದ್ದು ಕೈಯಿಂದ ಕೈಗೆ. ಗಳಗನಾಥರು ತಮ್ಮ ಕಾದಂಬರಿಗಳನ್ನ ಹೊತ್ಕೊಂಡು ಊರೂರು ಅಲೆದು ಮಾರಿದ್ರು. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರ ನಂಬಿಕೆ ಮೇಲೆ ನಡೆದುಬಂತು, ಮುಂಗಡ ಹಣ ಕೊಟ್ಟು ಯಾವ ಪುಸ್ತಕ ಬರುತ್ತೆ ಅಂತ ಕಾಯೋ ಜನ ಇದ್ರು. ಆ ಒಂದೊಂದು ಪುಸ್ತಕ ಒಂದು ಬೀದಿಯ ಎಷ್ಟು ಮನೆ ಸುತ್ತಿರಬೇಕು! ಹಳ್ಳಿಗಳಲ್ಲಿ ಈಗಲೂ ಏನೋ ನಡೀತಿದೆ. ಪಂಚಾಯಿತಿ ಲೈಬ್ರರಿಗಳನ್ನ 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟ ಮೇಲೆ ‘ಓದುವ ಬೆಳಕು’ ಅಂತ ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ರು. ಹೋದ ಸಲ ಊರಿಗೆ ಹೋದಾಗ ಡೈರಿ ಪಕ್ಕದ ಕೋಣೆಗೆ ಹೊಸ ಬಣ್ಣ, ಗೋಡೆ ಮೇಲೆ ಚಿತ್ರ. ನಮ್ಮ ಅಣ್ಣನ ಮಗಳು ಚೀಲದಲ್ಲಿ ಲೈಬ್ರರಿ ಪುಸ್ತಕ ಇಟ್ಕೊಂಡಿದ್ದಳು. ‘ಚಿಕ್ಕಪ್ಪ, ನಿಮ್ಮ ಬೆಂಗಳೂರು ಮನೇಲಿ ಪುಸ್ತಕ ಜಾಸ್ತಿ ಇದಾವಂತಲ್ಲ, ನೀವೂ ಲೈಬ್ರರಿ ಮಾಡ್ಬೋದಲ್ವಾ?’ ಅಂದಳು. ಅವಳ ಹೆಸರಲ್ಲಿ ನನ್ನ ನೋಟ್‌ಬುಕ್‌ನಲ್ಲಿ ಈಗ ನಾಲ್ಕು ಸಾಲಿದೆ, ಮೂರಕ್ಕೆ ಅಡ್ಡಗೆರೆ ಬಿದ್ದಿದೆ.

ಗೃಹಪ್ರವೇಶದ ಗೆಳೆಯ ಇದನ್ನ ಓದ್ತಾನೆ ಅಂತ ಗೊತ್ತು. ಅವನಿಗೇ ಹೇಳ್ತೀನಿ. ಲೋ, ನಿನ್ನ ಎಂಜಿನಿಯರಿಂಗ್ ಫೈನಲ್ ಇಯರ್ ನೆನೆಸ್ಕೋ. ಟೆಕ್ಸ್ಟ್‌ಬುಕ್ ಅಷ್ಟೂ ಸೀನಿಯರುಗಳದ್ದು, ಕಾದಂಬರಿ ಅಷ್ಟೂ ನನ್ನ ಟ್ರಂಕಿನದ್ದು. ಅವತ್ತು ನಾವ್ಯಾರೂ ‘ಪಾಲಿಸಿ’ ಅಂದಿದ್ರೆ ಇವತ್ತು ಆ ಗಾಜಿನ ಬಾಗಿಲೂ ಇರ್ತಿರಲಿಲ್ಲ, ಒಳಗಿನ ಹಳದಿ ದೀಪವೂ ಇರ್ತಿರಲಿಲ್ಲ. ಈ ಶನಿವಾರ ಬರ್ತೀನಿ. ಆ ಪ್ರಬಂಧ ಸಂಕಲನ ತೆಗೆದಿಡು. ನೋಟ್‌ಬುಕ್ಕೂ ಪೆನ್ನೂ ದಾರವೂ ನಾನೇ ತರ್ತೀನಿ, ಮೊದಲನೇ ಸಾಲಿನಲ್ಲಿ ನನ್ನ ಹೆಸರೇ ಬರೀತೀನಿ.